ಸಲ್ಮಾಳ ಮ್ಯೂಸಿಯಂ

ತೊಂಬತ್ತರ ದಶಕದ ಆ ದಿನಗಳಲ್ಲಿ ದೋಹಾ ಹತ್ತಿರದ ಮೆಸಯೀದಿನ ನಮ್ಮ ಕಂಪನಿ ಕಾಲೊನಿಯ ಮಕ್ಕಳಿಗೆ ಶುಕ್ರವಾರ ಬಂತೆಂದರೆ ಹಬ್ಬ. ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಉಪ್ಪಿನ ವಾಸನೆ, ಕಂಪನಿಯ ಗ್ಯಾಸ್ ಪ್ಲಾಂಟಿನ ಕಡೆಯಿಂದ ಬೀಸಿದರೆ ಕೊಳೆತ ಮೊಟ್ಟೆಯ ನಾತ. ಅದರಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದೆವು. ನಾನು ಹೊರಟರೆ ಅಮ್ಮ, "ಮೊದಲೇ ಕಪ್ಪು, ಬಿಸಿಲಲ್ಲಿ ಇನ್ನೂ ಸುಟ್ಕೋಬೇಡ. ಮೈಸೂರಿಗೆ ಹೋದಾಗ ಜನ ಏನಂತಾರೆ?" ಎನ್ನುತ್ತಿದ್ದಳು. ಕಡಲೆಹಿಟ್ಟಿಗೆ ಕೆನೆ ಕಲಸಿ ನನ್ನ ಮುಖಕ್ಕೆ ತಿಕ್ಕುವಾಗ ಅವಳ ಕೈ ಮೃದುವಾಗಿರುತ್ತಿರಲಿಲ್ಲ.

ನಮ್ಮ ಸಾಲಿನ ಕೊನೆಯ ಮನೆ ಇದ್ರಿಸ್ ಅಂಕಲ್‌ದು. ಸುಡಾನಿನವರು, ಪ್ಲಾಂಟಿನಲ್ಲಿ ಟೆಕ್ನಿಷಿಯನ್. ತೀರಿಕೊಂಡ ಹೆಂಡತಿ ಸಲ್ಮಾಳಿಗಾಗಿ ಮುಂದಿನ ಕೋಣೆಯನ್ನೇ ಮ್ಯೂಸಿಯಂ ಮಾಡಿದ್ದರು. ಸಲ್ಮಾ ಓಟಗಾರ್ತಿ, ಅರಬರದೇ ದರ್ಬಾರಾಗಿದ್ದ ಅವರ ಸೀಮೆಯ ದೊಡ್ಡ ಮೈದಾನದಲ್ಲಿ ಓಡಿದ ಮೊದಲ ಕಪ್ಪು ಹುಡುಗಿಯಂತೆ. ಗೋಡೆ ತುಂಬ ಫೋಟೋ, ಮೇಜಿನ ಮೇಲೆ ಪದಕ, ಗಾಜಿನ ಪೆಟ್ಟಿಗೆಯಲ್ಲಿ ಸವೆದ ಶೂ. ಶುಕ್ರವಾರ ನಮಾಜು ಮುಗಿಸಿ ಬಂದು ಬಾಗಿಲು ತೆರೆದಿಡುತ್ತಿದ್ದರು. ನಮಗೆಲ್ಲ ಹುಳಿಹುಳಿಯಾದ ಕೆಂಪು ಕರ್ಕದೆ ಶರಬತ್ತು ಕೊಟ್ಟು, ಮುರುಕು ಹಿಂದಿಯಲ್ಲಿ ಅವಳ ಕತೆ ಹೇಳುತ್ತಿದ್ದರು.

"ಒಂದು ಸಲ ಓಟ ಶುರುವಾಗುವಾಗ ಅಧಿಕಾರಿಗಳು ಬಂದು, ಕಪ್ಪು ಹುಡುಗಿಯರೆಲ್ಲ ಸಾಲು ಬಿಟ್ಟು ಹೋಗಿ ಅಂದರು. ಇವಳಿಗೆ ಮಾತ್ರ, ನೀನು ಗೆಲ್ಲುವವಳು, ನೀನಿರು ಅಂದರು. ಇವಳು ಓಡಲಿಲ್ಲ. ಗೆರೆಯ ಮೇಲೇ ಕೂತುಬಿಟ್ಟಳು."

"ಆಮೇಲೆ?" ಎಂದೆ.

"ಆಮೇಲೆ ಅವಳನ್ನು ಯಾರೂ ಓಡಲು ಬಿಡಲಿಲ್ಲ. ಸಾಯುವವರೆಗೂ ಆ ಹುಡುಗಿಯರ ಪರವಾಗಿ ಕಚೇರಿ ಕಚೇರಿ ಅಲೆದಳು."

ನನ್ನ ಬಣ್ಣದ ಹೆಂಗಸೊಬ್ಬಳನ್ನು ಯಾರೋ ಹೆಮ್ಮೆಯಿಂದ ಗೋಡೆಗೆ ಹಾಕಿದ್ದನ್ನು ನಾನು ಮೊದಲು ನೋಡಿದ್ದು ಅಲ್ಲಿ. ಆ ಚಳಿಗಾಲವೆಲ್ಲ ಕಾಲೊನಿಯ ಸುತ್ತ ಓಡಿದೆ.

ನಮ್ಮಪ್ಪ ಕಂಪನಿಯ ಹೌಸಿಂಗ್ ಸೆಕ್ಷನ್ನಿನಲ್ಲಿದ್ದರು. ಕಂಪನಿ ಮನೆಯಲ್ಲಿ ಜನ ಸೇರಿಸುತ್ತಾರೆ, ಗೋಡೆಗೆ ಮೊಳೆ ಹೊಡೆದಿದ್ದಾರೆ ಎಂದು ಯಾರೋ ದೂರಿದ್ದರು. ಶುಕ್ರವಾರದೊಳಗೆ ಎಲ್ಲ ತೆಗೆಯಬೇಕೆಂದು ಅಪ್ಪನೇ ಹೋಗಿ ಇದ್ರಿಸ್ ಅಂಕಲ್‌ಗೆ ಹೇಳಿ ಬಂದರು.

ಮಂಗಳವಾರ ಸ್ಕೂಲ್ ಬಸ್ಸಿನಿಂದ ಇಳಿದರೆ ಆ ಮನೆಯ ಮುಂದೆ ಕಸದ ಲಾರಿ. ಅಪ್ಪ ಆಫೀಸಿನ ಬೀಗದಕೈಯಿಂದ ಬಾಗಿಲು ತೆರೆಸಿದ್ದರು. ಕೆಲಸದವರು ಫೋಟೋಗಳನ್ನು ಎಸೆಯುತ್ತಿದ್ದರು. ಲಾರಿಯೊಳಗೆ ಗಾಜು ಪುಡಿಯಾಗುವ ಸದ್ದು ಕೇಳುತ್ತಿತ್ತು.

"ಅಪ್ಪ, ಶುಕ್ರವಾರದವರೆಗೆ ಟೈಮ್ ಕೊಟ್ಟಿದ್ರಲ್ಲ."

"ಶುಕ್ರವಾರ ಅವನು ಮನೇಲಿರ್ತಾನೆ. ಯಾಕೆ ಬೇಕು ರಗಳೆ?" ಎಂದವರೇ ಕೆಲಸದವರ ಕಡೆ ತಿರುಗಿ, "ಯಲ್ಲಾ, ಬೇಗ," ಎಂದರು.

ಇದ್ರಿಸ್ ಅಂಕಲ್ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಲಾರಿ ಹೋಗಿಯಾಗಿತ್ತು. ಅವರು ಒಳಗೆ ಹೋಗಿ ಹೊರಗೆ ಬಂದರು. ಕೂಗಾಡಲಿಲ್ಲ.

"ಸರ್, ಶೂ ಮಾತ್ರ ಸಾಕು. ಲಾರಿ ಯಾವ ಕಡೆ ಹೋಯಿತು?"

"ಗೊತ್ತಿಲ್ಲ ಇದ್ರಿಸ್. ಖಲಾಸ್."

ಅಪ್ಪನಿಗೆ ಗೊತ್ತಿತ್ತು. ಡ್ರೈವರಿಗೆ ದಾರಿ ಹೇಳಿ ಕಳಿಸಿದ್ದು ಅವರೇ. ಇದ್ರಿಸ್ ಅಂಕಲ್ ಬೂದುಬಣ್ಣದ ಯೂನಿಫಾರ್ಮಿನಲ್ಲೇ ಗೇಟಿನ ಕಡೆ ನಡೆದು ಹೋದರು. ಬೇಸಿಗೆಗೆ ಮೊದಲೇ ಕೆಲಸ ಬಿಟ್ಟು ದೇಶಕ್ಕೆ ಹೊರಟುಹೋದರಂತೆ.

ಲಾರಿ ಬಂದ ದಿನ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅಪ್ಪನ ತಟ್ಟೆಗೆ ಹುಳಿ ಬಡಿಸುತ್ತ, "ಒಳ್ಳೇದಾಯ್ತು ಬಿಡಿ, ಇನ್ನಾದ್ರೂ ಇವಳು ನೆರಳಲ್ಲಿರ್ತಾಳೆ," ಎಂದಳು. ಅಪ್ಪ ಇನ್ನೊಂದು ಸೌಟು ಹಾಕಿಸಿಕೊಂಡರು. ನಾನು ಮತ್ತೆ ಓಡಲಿಲ್ಲ.

ಈಗ ದೋಹಾದಲ್ಲಿ ಕ್ರೀಡೆಗೆಂದೇ ದೊಡ್ಡ ಮ್ಯೂಸಿಯಂ ಇದೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಹಡಿ ಮಹಡಿ ಹತ್ತಿ ಸಲ್ಮಾಳನ್ನು ಹುಡುಕಿದೆ, ಸಿಗಲಿಲ್ಲ. ಅವಳ ಪೂರ್ತಿ ಹೆಸರು ಇದ್ರಿಸ್ ಅಂಕಲ್ ಹಾಕಿದ್ದ ಫೋಟೋಗಳ ಕೆಳಗೆ ಅರಬ್ಬಿಯಲ್ಲಿತ್ತು. ನಮಗ್ಯಾರಿಗೂ ಓದಲು ಬರುತ್ತಿರಲಿಲ್ಲ, ಕೇಳಲೂ ಇಲ್ಲ. ಸುಡಾನಿನಲ್ಲಿ ಸಲ್ಮಾ ಎಂಬವರು ಬೀದಿಗೊಬ್ಬರಿರಬಹುದು. ಅವರಲ್ಲಿ ಯಾರನ್ನೆಂದು ಹುಡುಕಲಿ?