ನಿಲ್ಲಿಸದೆ ಹೊಲಿದ ಅಂಚು

ಅವಳ ಗಂಡ ಸತ್ತದ್ದು ಒಂದು ಮಧ್ಯಾಹ್ನ, ಅವಳ ಬೆನ್ನ ಹಿಂದೆಯೇ. ಊಟ ಮಾಡಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ. ಅವಳು ಗೋಡೆಗೆ ಮುಖ ಮಾಡಿ ಮಿಷನ್ ತುಳಿಯುತ್ತಿದ್ದಳು. ಯಾರದೋ ದಿಂಬಿನ ಚೀಲ, ಸಂಜೆಗೆ ಕೊಡಬೇಕಿತ್ತು. ಮುಗಿಸಿ, ಟೀ ಇಡಲಾ ಎಂದು ಕೇಳಿದಳು. ಮತ್ತೆ ಕೇಳಿದಳು. ಕಿವಿ ಎಲ್ಲಾದರೂ ಅಡವಿಟ್ಟಿದ್ದೀರಾ ಎಂದು ಬೈದಳು ಕೂಡ. ತಿರುಗಿ ನೋಡಿದರೆ ಅವನು ಯಾವಾಗಲೋ ಹೋಗಿಬಿಟ್ಟಿದ್ದ.

ಹೃದಯ ನಿಂತಿದೆ ಎಂದರು ಡಾಕ್ಟರು. ಕೈ ಹಿಡಿದು ಕೂತಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಆ ಮಾತು ಕಿವಿಗೆ ಬಿತ್ತು, ಒಳಗಿಳಿಯಲಿಲ್ಲ. ಮಿಷನ್ ಸದ್ದು ಇಲ್ಲದಿದ್ದರೆ ಅವನ ಉಸಿರು ತಪ್ಪಿದ್ದು ಕೇಳುತ್ತಿತ್ತು. ಅದೊಂದೇ ತಲೆಯಲ್ಲಿ ಕೂತಿತು.

ಅವತ್ತು ಹಿಡಿದ ಹೆದರಿಕೆ ಬಿಡಲಿಲ್ಲ. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳಿಗೆ ಹೊಲಿಗೆ ಕೆಲಸ. ಒಂದು ಗೇಣು ಹೊಲಿಯುವಷ್ಟರಲ್ಲಿ ಕಾಲು ತಾನಾಗಿ ನಿಲ್ಲುತ್ತಿತ್ತು. ಕಿವಿಗೊಟ್ಟು ಕೂರುತ್ತಿದ್ದಳು. ಯಾರಾದರೂ ಕೆಮ್ಮಿದರೆ, ಕತ್ತರಿ ಕಚಕ್ಕೆಂದರೆ, ಎಲ್ಲರೂ ಇದ್ದಾರೆ ಎಂದು ಮತ್ತೆ ತುಳಿಯುವುದು. ನಿಂತ ಕಡೆಯೆಲ್ಲ ನೂಲು ಮುದ್ದೆಯಾಗುತ್ತಿತ್ತು. ಕಟಿಂಗ್ ಮಾಸ್ಟರ್ ಒಂದು ಸಲ ಅವಳು ಹೊಲಿದದ್ದನ್ನು ಬೆಳಕಿಗೆ ಹಿಡಿದು, "ಏನಮ್ಮಾ, ಹೊಲಿಗೆಗೆ ಬಿಕ್ಕಳಿಕೆ ಬಂದಿದೆಯಲ್ಲ?" ಎಂದ. ಪಕ್ಕದಲ್ಲಿ ಗುಂಡಿಗೆ ಕಾಜಾ ಹಾಕುವವಳು ಸುಮ್ಮನಿರುವ ಪೈಕಿಯಲ್ಲ. "ಸ್ಟಾಪ್ ಇಲ್ಲದ ಕಡೆ ಎಲ್ಲಾ ಬಸ್ ನಿಲ್ಲಿಸ್ತೀಯಲ್ಲೇ, ಯಾರು ಹತ್ತಬೇಕು?" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮನೆಯಲ್ಲಿ ಇನ್ನೂ ಕಷ್ಟ. ಕಾಲೇಜಿಗೆ ಹೋಗುವ ಮಗಳು ಪುಸ್ತಕದ ಮೇಲೆ ತೂಕಡಿಸಿದರೆ ಸಾಕು, ಇವಳು ಹೋಗಿ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ಹುಡುಗಿ ಬೆಚ್ಚಿ ಏಳುತ್ತಿದ್ದಳು. ಓದೂ ಇಲ್ಲ, ನಿದ್ದೆಯೂ ಇಲ್ಲ. ಕೊನೆಗೆ ಒಂದು ದಿನ ಮಗಳು ಮಂಚದ ಕೆಳಗಿಂದ ಊರಿಗೆ ಹೋಗುವ ಚೀಲ ಎಳೆದು ಧೂಳು ಕೊಡವಿದಳು.

"ಅಮ್ಮ, ನಾನು ಬದುಕೇ ಇದೀನಿ. ಹೀಗೆ ಎಬ್ಬಿಸಿ ಎಬ್ಬಿಸಿ ನೀನೇ ನನ್ನ ಸಾಯಿಸ್ತೀಯ. ಇನ್ನೊಂದು ಸಲ ಎಬ್ಬಿಸಿದ್ರೆ ದೊಡ್ಡಮ್ಮನ ಮನೆಗೆ ಹೋಗ್ತೀನಿ."

ಚೀಲ ಬಾಗಿಲ ಪಕ್ಕದಲ್ಲೇ ಉಳಿಯಿತು. ಮಗಳೂ ಹೋದರೆ ಮನೆಯಲ್ಲಿ ತಾನು ಮತ್ತು ಆ ಕುರ್ಚಿ.

ಆ ದಿನಗಳಲ್ಲೇ ಒಬ್ಬ ಬೌದ್ಧ ಭಿಕ್ಷುಣಿ ಅಂಗಡಿಗೆ ಬಂದರು. ಬೋಳು ತಲೆ, ದಪ್ಪ ಕನ್ನಡಕ. ಧ್ಯಾನದ ಕೋಣೆಗೆ ಪರದೆ ಹೊಲಿಸಬೇಕಿತ್ತು. ಕಾಜಾದವಳು ಬಿಡಲಿಲ್ಲ, ಇವಳ ಕಥೆ ಅರ್ಧಂಬರ್ಧ ಹೇಳಿಯೇಬಿಟ್ಟಳು. ಭಿಕ್ಷುಣಿ ಒಂದು ಸ್ಟೂಲ್ ಎಳೆದುಕೊಂಡು ಕೂತು, ಉಸಿರು ಬರುವುದನ್ನು, ಹೋಗುವುದನ್ನು ಸುಮ್ಮನೆ ಗಮನಿಸುವುದು ಹೇಗೆಂದು ಹೇಳಿಕೊಟ್ಟರು.

ಮನೆಯಲ್ಲಿ ಮಾಡಿ ನೋಡಿದಳು. ಹೋದ ಉಸಿರು ಮತ್ತೆ ಬರುವ ಮೊದಲು ಒಂದು ಚೂರು ಖಾಲಿ ಇರುತ್ತದಲ್ಲ, ಆ ಖಾಲಿಯಲ್ಲಿ ಕುರ್ಚಿ ಕಂಡಿತು. ಬೆವತು ಎದ್ದಳು. ಎದ್ದವಳು ನೇರ ಮಗಳ ಮೂಗಿನ ಹತ್ತಿರ ಹೋಗಿ, ಚೀಲ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

ಭಿಕ್ಷುಣಿ ಪರದೆ ಬಟ್ಟೆ ತಂದಾಗ ಇವಳು ಮುಖಕ್ಕೇ ಹೇಳಿದಳು. "ನಿಮ್ಮ ವಿದ್ಯೆ ನನಗೆ ಬೇಡಮ್ಮ. ಉಸಿರು ನೋಡ್ತಾ ಕೂತ್ರೆ ಅದು ನಿಲ್ಲೋದನ್ನೇ ಕಾಯ್ತೀನಿ."

ಅವರು ಬೇಸರ ಮಾಡಿಕೊಳ್ಳಲಿಲ್ಲ. ನಿಮ್ಮ ಯಜಮಾನರು ಹೇಗೆ ಹೋದರು ಎಂದು ಕೇಳಿದರು. ಇವಳು ದಿಂಬಿನ ಚೀಲದಿಂದ ಹಿಡಿದು ಬೈದದ್ದರ ತನಕ ಹೇಳಿದಳು. ಬೈದದ್ದನ್ನು ಯಾರಿಗೂ ಹೇಳಿರಲಿಲ್ಲ. ಭಿಕ್ಷುಣಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದನ್ನ ಕೇಳದೆ ಹೇಳಿಕೊಟ್ಟೆ, ನಂದೇ ತಪ್ಪು. ಉಸಿರಿನ ಗೊಡವೆ ಬೇಡ. ಮಿಷನ್ ತುಳೀವಾಗ ಪಾದ ಇರುತ್ತಲ್ಲ, ಬೆರಳು ಒತ್ತೋದು, ಹಿಮ್ಮಡಿ ಒತ್ತೋದು, ಅಷ್ಟನ್ನೇ ನೋಡಿ. ಹೆದರಿಕೆ ಬಂದ್ರೆ ಓಡಿಸಬೇಡಿ. ಬಂತು ಅಂತ ತಿಳ್ಕೊಂಡು ಮತ್ತೆ ಪಾದಕ್ಕೆ ಬನ್ನಿ."

"ಹಾಗೆ ಮಾಡಿದ್ರೆ ಹೋಗುತ್ತಾ?"

"ಹೋಗ್ಲೇಬೇಕು ಅಂತ ಕೂತ್ರೆ ಹೋಗಲ್ಲ."

ಇದೆಂಥ ಔಷಧಿ ಎಂದುಕೊಂಡಳು. ಆದರೆ ಪಾದ ಅವಳದೇ, ತುಳಿತವೂ ಅವಳದೇ. ಅಂಗಡಿಯಲ್ಲಿ ತುಳಿದು ನೋಡಿದಳು. ಒಂದು ಗೇಣು ಎರಡಾಯಿತು, ಒಮ್ಮೊಮ್ಮೆ ಒಂದಕ್ಕೇ ನಿಂತಿತು.

ರಜೆಯ ದಿನ ಪರದೆಯನ್ನು ಮನೆಗೇ ತಂದಿದ್ದಳು. ಮೇಲಿಂದ ಕೆಳಗಿನವರೆಗೆ ಒಂದೇ ಅಂಚು. ಊಟ ಆಗಿತ್ತು. ಮಗಳು ಪುಸ್ತಕ ಹಿಡಿದು, ಬೆಳಕು ಚೆನ್ನಾಗಿದೆ ಎಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು. ಅದರಲ್ಲಿ ಅವತ್ತಿನಿಂದ ಯಾರೂ ಕೂತಿರಲಿಲ್ಲ. ಏಳು ಎನ್ನಲು ಇವಳು ಬಾಯಿ ತೆರೆದಳು. ಬಾಗಿಲ ಪಕ್ಕ ಚೀಲ ಕಂಡಿತು. ಗೋಡೆಗೆ ಮುಖ ಮಾಡಿ ತುಳಿದಳು.

ಬೆನ್ನ ಹಿಂದೆ ಪುಸ್ತಕ ನೆಲಕ್ಕೆ ಬಿದ್ದ ಸದ್ದು.

ನಿದ್ದೆ ಬಂದಿರಬೇಕು. ಅವನಿಗೂ ಬಂದಿತ್ತು. ಕಣ್ಣಿಗೆ ಕತ್ತಲೆ ಕವಿಯಿತು, ಬಾಯಿ ಒಣಗಿತು. ಹೆದರಿಕೆ ಬಂತು ಎಂದುಕೊಂಡಳು. ಬೆರಳು, ಹಿಮ್ಮಡಿ. ಈಗ ಹೋಗಿಬಿಟ್ಟಿದ್ದರೆ? ಬಂತು. ಪೆಡಲಿನ ಕಬ್ಬಿಣ ತಣ್ಣಗಿದೆ. ಬೆರಳು, ಹಿಮ್ಮಡಿ. ಕುತ್ತಿಗೆ ತಾನಾಗಿ ತಿರುಗುತ್ತಿತ್ತು, ಬಿಗಿದು ಹಿಡಿದಳು. ತೊಡೆ ನಡುಗಿತು, ನಡುಗುವ ಕಾಲಲ್ಲೇ ತುಳಿದಳು. ಹೊಲಿಗೆ ಒಂದಿಷ್ಟು ಸೊಟ್ಟ ಹೋಯಿತು, ಹೋಗಲಿ ಎಂದು ಬಿಟ್ಟಳು. ಅಂಚು ಮುಗಿಯುವ ತನಕ ಕಾಲು ನಿಲ್ಲಿಸಲಿಲ್ಲ.

ಮಿಷನ್ ನಿಂತ ಮೇಲೆ ಕೋಣೆ ತೀರ ಮೌನವಾಯಿತು. ತಿರುಗಲು ಧೈರ್ಯ ಸಾಲದೆ ಸೂಜಿಯನ್ನೇ ನೋಡುತ್ತ ಕೂತಳು.

"ಯಾಕಮ್ಮ ನಿಲ್ಲಿಸಿದೆ?" ಹಿಂದಿನಿಂದ ನಿದ್ದೆಗಣ್ಣಿನ ದನಿ. "ಆ ಸದ್ದಿಗೆ ಎಷ್ಟು ಚೆನ್ನಾಗಿ ನಿದ್ದೆ ಹತ್ತಿತ್ತು. ಅಪ್ಪನೂ ಹಾಗೇ ಅಂತಿದ್ರು."

"ಯಾವಾಗ ಅಂದ್ರು?"

"ಯಾವಾಗ್ಲೂ. ಅಮ್ಮ ಮಿಷನ್ ತುಳೀತಿದ್ರೆ ಕೂತಲ್ಲೇ ನಿದ್ದೆ ಬರುತ್ತೆ ಅಂತ."

ಅವಳು ನೂಲು ಕತ್ತರಿಸಿದಳು. ಬಟ್ಟೆ ಮಗುಚಿ ಇನ್ನೊಂದು ಅಂಚು ಮಡಿಸಿ ಸೂಜಿಯ ಕೆಳಗಿಟ್ಟು, "ಮಲಕ್ಕೋ," ಎಂದಳು. ತಿರುಗದೆ ತುಳಿದಳು.