ಹಲ್ಲಣ್ಣ ಹೆಂಡತಿಗೆ ಗೋ ಕಲಿಸಿದ್ದು

ನಾವೆಲ್ಲ ಅವರನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದೆವು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದ ಒಸಡಿನಲ್ಲಿ ಹಲ್ಲು ಜೋಡಿಸಿ, ಬಾಯಿಗೆ ಕೂರುವಂತೆ ಉಜ್ಜಿ ಕೊಡುವುದು ಅವರ ಕೆಲಸ. ಊರಿನ ಅರ್ಧ ಮುದುಕರು ನಗುತ್ತಿದ್ದುದು ಅವರು ಕಟ್ಟಿದ ಹಲ್ಲಿನಲ್ಲೇ. ಅವರು ಮಾತ್ರ ನಗುವುದು ಕಡಿಮೆ. ಸಂಜೆ ಉಗುರುಸಂದಿಯ ಪ್ಲಾಸ್ಟರ್ ತೊಳೆದುಕೊಂಡು ಮನೆ ಸೇರಿದರೆ ಗೋ ಹಲಗೆಯ ಮುಂದೆ ಕೂತುಬಿಡುವರು.

ಗೋ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಅಡ್ಡ ಹತ್ತೊಂಬತ್ತು, ಉದ್ದ ಹತ್ತೊಂಬತ್ತು ಗೆರೆಯ ಹಲಗೆ. ಗೆರೆ ಕೂಡುವಲ್ಲಿ ಒಬ್ಬರು ಕಪ್ಪು ಕಲ್ಲು, ಇನ್ನೊಬ್ಬರು ಬಿಳಿ ಕಲ್ಲು ಇಡುತ್ತ ಹೋಗಬೇಕು. ಎದುರಾಳಿಯ ಕಲ್ಲಿನ ಪಕ್ಕದ ಖಾಲಿ ಜಾಗವನ್ನೆಲ್ಲ ಮುಚ್ಚಿದರೆ ಅದು ಸತ್ತಂತೆ, ಎತ್ತಿಕೊಳ್ಳಬಹುದು. ಕೊನೆಗೆ ಹೆಚ್ಚು ಜಾಗ ಸುತ್ತಿಕೊಂಡವರು ಗೆದ್ದರು.

ನಮ್ಮ ಗುಂಪಿನಲ್ಲಿ ಹಲ್ಲಣ್ಣನನ್ನು ಸೋಲಿಸಿದವರಿರಲಿಲ್ಲ. ವಾರಕ್ಕೆರಡು ಸಂಜೆ ನಾಲ್ಕೈದು ಜನ ಅವರ ಮುಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ನಮಗೆಲ್ಲ ನರ್ಸಕ್ಕ. ಡ್ಯೂಟಿ ಇಲ್ಲದ ದಿನ ಟೀ ತಂದಿಟ್ಟು, ಬಾಗಿಲಿಗೆ ಒರಗಿ ಒಂದು ನಿಮಿಷ ಹಲಗೆ ನೋಡಿ ಒಳಗೆ ಹೋಗುವರು. ಇಪ್ಪತ್ತು ವರ್ಷ ಆ ಟೀ ಕುಡಿದ ನಾವು ಒಂದು ದಿನವಾದರೂ "ನೀವೂ ಕೂತ್ಕೊಳ್ಳಿ ಅಕ್ಕ" ಅನ್ನಲಿಲ್ಲ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಿವೃತ್ತಿಯಾದ ಮರುವಾರ ನರ್ಸಕ್ಕ ಗಂಡನ ಎದುರು ಬಂದು ಕೂತರಂತೆ. "ರೀ, ನನಗೂ ಕಲಿಸ್ರೀ."

ಹಲ್ಲಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾರನೆಯ ದಿನ ಅರ್ಧ ದಿನ ರಜೆ ಹಾಕಿದರು. ಹಲಗೆ ಒರೆಸಿದರು. ಮೂವತ್ತು ವರ್ಷದಲ್ಲಿ ತಿಳಿದದ್ದನ್ನೆಲ್ಲ ಒಂದೇ ಮಧ್ಯಾಹ್ನ ಬಡಿಸಲು ಕೂತರು. ಮೂಲೆ ಮೊದಲು ಹಿಡಿಯಬೇಕು, ಆಮೇಲೆ ಅಂಚು, ನಡುವಿನದು ಕೊನೆಗೆ. ಈ ಕಲ್ಲು ಭಾರ, ಅದು ಹಗುರ. ಇಲ್ಲಿಟ್ಟರೆ ಆಕಾರ ಕೆಡುತ್ತದೆ. ನರ್ಸಕ್ಕ ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ ಹಲ್ಲಣ್ಣ ಮೂರು ಕಪ್ಪು ಕಲ್ಲು ತೋರಿಸಿ, "ಇವು ಸತ್ತಿವೆ, ಬಿಡು, ಇನ್ನು ಇವುಗಳ ಗೋಜಿಗೆ ಹೋಗಬೇಡ" ಎಂದರು.

"ಎಲ್ಲಿ ಸತ್ತಿವೆ? ಪಕ್ಕದಲ್ಲಿ ಜಾಗ ಇದೆ. ಜಾಗ ಇರೋವರೆಗೂ ಬದುಕಿರುತ್ತೆ ಅಂತ ನೀವೇ ಅಂದ್ರಲ್ಲ."

"ಜಾಗ ಇದೆ. ಆದ್ರೂ ಸತ್ತಿವೆ."

"ಯಾರು ಹೇಳಿದ್ದು?"

"ಹೇಳೋದೇನು, ಕಾಣ್ತಾ ಇದೆಯಲ್ಲ."

"ನನಗೆ ಕಾಣ್ತಿಲ್ವಲ್ಲ! ಮೂವತ್ತೆರಡು ವರ್ಷ ವಾರ್ಡಲ್ಲಿ ದುಡಿದಿದೀನಿ. ಉಸಿರಾಡ್ತಾ ಇರೋರನ್ನ ಸತ್ತೋದ್ರು ಅಂತ ಬರೆದುಕೊಟ್ಟಿದ್ರೆ ನನ್ನ ಕೆಲಸ ಉಳೀತಿತ್ತಾ?"

ಇಬ್ಬರೂ ನಕ್ಕರು. ಆದರೆ ಹಲ್ಲಣ್ಣನ ನಗು ಬೇಗ ಆರಿತು. ಇನ್ನೇನು ಮಾಡಿದರೂ ಉಳಿಯದ ಆ ಕಲ್ಲುಗಳು ಸತ್ತಿರುವುದು ಅವರಿಗೆ ಗೋಡೆಯ ಮೇಲಿನ ಗಡಿಯಾರದಷ್ಟು ಸ್ಪಷ್ಟ. ಹೇಗೆ ಕಾಣುತ್ತದೆ ಎಂದು ಹೇಳಹೊರಟರೆ ಬಾಯಿಗೆ ಏನೂ ಬರಲೊಲ್ಲದು. ತಮಗೆ ಅದು ಕಾಣದೆ ಇದ್ದ ಕಾಲ ಯಾವುದು ಎಂದು ನೆನಪಿಸಿಕೊಳ್ಳಲು ನೋಡಿದರು. ಅವರಿಗೆ ಆಟ ಕಲಿಸಿದ್ದು ಚಿಕ್ಕಪ್ಪ. ಕಲಿಸಿದ್ದು ಅಂದರೇನು, ದಿನವೂ ಎದುರು ಕೂರಿಸಿಕೊಂಡು ಸೋಲಿಸಿದ್ದು, ಅಷ್ಟೆ. ಎಷ್ಟು ಸೋತ ಮೇಲೆ ಕಣ್ಣು ತೆರೆಯಿತು ಎಂಬ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಹಲ್ಲಣ್ಣ ಅಷ್ಟಕ್ಕೇ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಚೌಕಳಿ ಹಾಳೆಯ ಮೇಲೆ ಪಾಠ ಬರೆದರು. ಬರೆದದ್ದನ್ನು ನನಗೆ ತೋರಿಸಿದರು. ಮೊದಲ ಸಾಲೇ ನನಗೆ ಅರ್ಥವಾಗಲಿಲ್ಲ. ನಾನು ಆಡುತ್ತ ಇಪ್ಪತ್ತು ವರ್ಷವಾಗಿತ್ತು. ಹೇಳಲು ಬಾಯಿ ಬರದೆ "ಚೆನ್ನಾಗಿದೆ" ಎಂದೆ.

ಎರಡನೆಯ ವಾರ ನರ್ಸಕ್ಕ ಕಲ್ಲು ಇಡುವ ಮೊದಲು ಹಲಗೆ ನೋಡುವುದನ್ನೇ ಬಿಟ್ಟರು. ಗಂಡನ ಮುಖ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿದರೆ ಕೈ ಹಿಂದಕ್ಕೆ. ಮೂರನೆಯ ವಾರ, "ಬೇಡ ಬಿಡ್ರೀ. ನನ್ನ ತಲೆಗೆ ಇದು ಹತ್ತೋದಲ್ಲ" ಎಂದು ಎದ್ದರು. ಹಲ್ಲಣ್ಣ ಕೈಯಲ್ಲಿದ್ದ ಕಲ್ಲು ಹಾಗೇ ಹಿಡಿದು ಕೂತರು.

ಕೆಳಗಿನ ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದರು. ಯಾರೋ ಕೊಟ್ಟ ಆಟದ ಪೆಟ್ಟಿಗೆಯೊಳಗಿನ ಚೀಟಿ ಓದಿ ಎರಡು ತಿಂಗಳ ಕೆಳಗಷ್ಟೇ ಗೋ ಶುರುಮಾಡಿದ್ದವರು. ನರ್ಸಕ್ಕನ ಪೇಚಾಟ ಕೇಳಿ ಒಂದು ಮಧ್ಯಾಹ್ನ ರಟ್ಟಿನ ತುಂಡಿನ ಮೇಲೆ ಚಾಕ್‌ನಿಂದ ಅಡ್ಡ ಒಂಬತ್ತು, ಉದ್ದ ಒಂಬತ್ತು ಗೆರೆ ಎಳೆದುಕೊಂಡು ಮೇಲಕ್ಕೆ ಬಂದರು. ಕಲ್ಲಿನ ಬದಲು ಅಂಗಿಯ ಕಪ್ಪು ಬಿಳಿ ಗುಂಡಿಗಳು.

"ಅಕ್ಕಾ, ಜಾಗಗೀಗ ಎಲ್ಲ ಆಮೇಲೆ. ಮೊದಲು ಯಾರು ಒಂದು ಗುಂಡಿ ಎತ್ತುತ್ತಾರೋ ಅವರು ಗೆದ್ದಂಗೆ. ಬನ್ನಿ."

ಹಲ್ಲಣ್ಣ ಕೆಲಸದಿಂದ ಬಂದಾಗ ಮೆಟ್ಟಿಲಿನವರೆಗೂ ನಗು ಕೇಳುತ್ತಿತ್ತು. ಒಳಗೆ ಇಬ್ಬರೂ ಗುಂಡಿ ಎತ್ತಿದ್ದು ನೀನಾ ನಾನಾ ಎಂದು ಜಗಳವಾಡುತ್ತಿದ್ದರು. ಹೀಗೆ ಹತ್ತು ದಿನ ನಡೆಯಿತು. ಹಲ್ಲಣ್ಣ ಅಡುಗೆಮನೆಯಲ್ಲೇ ಕೂತು ಕಿವಿಗೊಟ್ಟರು. ಕಿವಿಗೆ ಬೀಳುತ್ತಿದ್ದ ಅರ್ಧ ಮಾತು ತಪ್ಪು. ನಾಲಿಗೆ ಕಚ್ಚಿಕೊಂಡು ಟೀ ಕುಡಿದರು.

ಹನ್ನೊಂದನೆಯ ದಿನ ಟೈಲರಮ್ಮ, "ನಮ್ಮ ಗುಂಡಿಗಳ ಒಳಗೆ ಎರಡು ಖಾಲಿ ಕಿಂಡಿ ಬಿಟ್ಕೊಂಡ್ರೆ ಸಾಕು ಅಕ್ಕಾ, ಆಮೇಲೆ ಯಾರೂ ಏನೂ ಮಾಡಕ್ಕಾಗಲ್ಲ" ಎನ್ನುವುದು ಕೇಳಿಸಿತು. ನರ್ಸಕ್ಕ, "ಹಾಗಾದ್ರೆ ನಂದು ಬದುಕ್ತು! ನೋಡಿ, ಒಂದು, ಎರಡು!" ಎಂದು ಚಪ್ಪಾಳೆ ತಟ್ಟಿದರು. ಹಲ್ಲಣ್ಣ ಬಾಗಿಲಲ್ಲಿ ಇಣುಕಿದರು. ಎರಡನೆಯದು ಕಿಂಡಿಯೇ ಅಲ್ಲ. ಹೊರಗಿನಿಂದ ಒತ್ತಿದರೆ ಮುಚ್ಚಿಕೊಳ್ಳಲೇಬೇಕಾದ ಸುಳ್ಳು ಕಿಂಡಿ. ತಡೆಯಲಾಗಲಿಲ್ಲ.

"ಅದು ಸತ್ತಿದೆ ಕಣೆ."

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಕೂತರು. ಗುಂಡಿ ಸರಿಸಿದರು. ಹೀಗಿಟ್ಟರೆ ಹೀಗೆ, ಹಾಗಿಟ್ಟರೆ ಹಾಗೆ ಎಂದು ಒಂಬತ್ತು ನಡೆ ಮುಂದಿನದನ್ನು ಜೋಡಿಸಿ ತೋರಿಸಿದರು. ಒಂದೂ ತಪ್ಪಿಲ್ಲದ ವಿವರಣೆ. ತಲೆಯೆತ್ತಿದಾಗ ಇಬ್ಬರು ಹೆಂಗಸರೂ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ಟೈಲರಮ್ಮ, "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ಎದ್ದರು. ರಟ್ಟು ತೆಗೆದುಕೊಂಡೇ ಹೋದರು.

ನರ್ಸಕ್ಕ ಬಯ್ಯಲಿಲ್ಲ. "ಸರಿಯಾಗೇ ಹೇಳಿದ್ರಿ ಬಿಡಿ" ಎಂದು ಚೆಲ್ಲಿದ್ದ ಗುಂಡಿಗಳನ್ನು ಆಯತೊಡಗಿದರು. ಬೈದಿದ್ದರೆ ವಾಸಿಯಿತ್ತು ಎಂದು ಹಲ್ಲಣ್ಣ ನನ್ನ ಹತ್ತಿರ ಹೇಳಿಕೊಂಡರು.

ಎರಡು ದಿನ ಟೈಲರಮ್ಮ ಮೇಲೆ ಬರಲಿಲ್ಲ. ಮೂರನೆಯ ದಿನ ಹಲ್ಲಣ್ಣನೇ ಕೆಳಗಿಳಿದು ಹೊಲಿಗೆ ಯಂತ್ರದ ಮುಂದೆ ನಿಂತರು. "ತಪ್ಪು ತಿಳ್ಕೋಬೇಡಮ್ಮ."

ಟೈಲರಮ್ಮ ಪೆಡಲ್ ನಿಲ್ಲಿಸಿದರು. "ಅಯ್ಯೋ, ನೀವು ಹೇಳಿದ್ದು ಸರಿನೇ ಅಣ್ಣಾ. ಚೀಟಿಲೂ ಹಂಗೇ ಇತ್ತು, ನನಗೇ ಗೊತ್ತಾಗಿರಲಿಲ್ಲ. ಆದ್ರೆ ಅಣ್ಣಾ, ನಾಲ್ಕು ಸಲ ಹಂಗೆ ಸತ್ತಿದ್ರೆ ನಾವೇ ಐದನೇ ಸಲ ಕೇಳ್ತಿದ್ವಿ, ಯಾಕಪ್ಪ ಸಾಯುತ್ತೆ ಅಂತ. ನಾವು ಕೇಳೋಕೆ ಮುಂಚೆನೇ ನೀವು ಹೇಳಿಬಿಟ್ರಿ."

"ಹಾಗಾದ್ರೆ ನಾನೇನು ಮಾಡ್ಲಿ?"

ಟೈಲರಮ್ಮ ಯೋಚಿಸಿದರು. "ನೀವೇನು ಮಾಡಕ್ಕಾಗುತ್ತೆ ಅಣ್ಣಾ," ಎಂದು ಮತ್ತೆ ಪೆಡಲ್ ತುಳಿದರು. ಕೊಂಕು ಇರಲಿಲ್ಲ ಆ ಮಾತಿನಲ್ಲಿ.

ಆಮೇಲೆ ಆಟ ಟೈಲರಮ್ಮನ ಮನೆಯಲ್ಲೇ ನಡೆಯಿತು. ಹಲ್ಲಣ್ಣ ಬರುವ ಹೊತ್ತಿಗೆ ಮನೆಗೆ ಬೀಗ. ಫ್ಲಾಸ್ಕಿನಲ್ಲಿ ಟೀ ಇರುತ್ತಿತ್ತು. ನಾವು ಆಡಲು ಹೋದಾಗಲೂ ಅವರ ಲಕ್ಷ್ಯ ನೆಲದ ಕಡೆಗೇ. ಕೆಳಗಿಂದ ನಗು ಬಂದರೆ, "ಯಾರೋ ಎತ್ತಿದ್ರು" ಎನ್ನುವರು. ಒಂದು ಆಟದಲ್ಲಿ ಮೊದಲ ಸಲ ನನ್ನ ಕೈಯಲ್ಲಿ ಸೋತರು. ನನಗೆ ಖುಷಿಯಾಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ನರ್ಸಕ್ಕ ತಾವಾಗಿ ಕರೆದರಂತೆ: "ಬನ್ನಿ, ನೋಡಿ. ಬಾಯಿ ಮಾತ್ರ ಬಿಡಬಾರದು."

ಹಲ್ಲಣ್ಣ ಬಟ್ಟೆ ತುಂಡುಗಳ ರಾಶಿಯ ಪಕ್ಕ ಸ್ಟೂಲಿನ ಮೇಲೆ ಕೂತರು. ಎರಡು ಅಂಗೈಯನ್ನೂ ತೊಡೆಯಡಿ ಸಿಕ್ಕಿಸಿಕೊಂಡರು. ಇಪ್ಪತ್ತನೆಯ ನಡೆಯಲ್ಲಿ ನರ್ಸಕ್ಕ ಗೆಲ್ಲುವ ಜಾಗ ಬಿಟ್ಟು ಬೇರೆಲ್ಲೋ ಇಟ್ಟರು. ಟೈಲರಮ್ಮನೂ ಅದನ್ನು ಕಾಣಲಿಲ್ಲ. ಮುಂದಿನ ಸರದಿಯಲ್ಲೂ ನರ್ಸಕ್ಕ ಅದನ್ನು ಬಿಟ್ಟರು. ಹಲ್ಲಣ್ಣನಿಗೆ ಆ ಖಾಲಿ ಜಾಗ ಬಿಟ್ಟು ಬೇರೇನೂ ಕಾಣದಾಯಿತು. ಕೊನೆಗೆ ಟೈಲರಮ್ಮ ಇನ್ನೂ ದೊಡ್ಡ ತಪ್ಪು ಮಾಡಿದ್ದರಿಂದ ನರ್ಸಕ್ಕ ಗೆದ್ದರು.

ಮೆಟ್ಟಿಲು ಹತ್ತುತ್ತ ನರ್ಸಕ್ಕ ಕೇಳಿದರು, "ಹೇಗೆ ಆಡ್ದೆ?"

ಹಲ್ಲಣ್ಣ ಇನ್ನೆರಡು ಮೆಟ್ಟಿಲು ಹತ್ತಿದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನಿಜ ಹೇಳಿದರೆ ಏನಾಗುತ್ತದೆಂದು ನೋಡಿಯಾಗಿತ್ತು.

"ಗೆದ್ದೆಯಲ್ಲ" ಎಂದರು.

ನರ್ಸಕ್ಕ ತಿರುಗಿ ಅವರ ಮುಖ ನೋಡಿದರು. "ಅಂದ್ರೆ ಚೆನ್ನಾಗಿ ಆಡ್ಲಿಲ್ಲ."

ನರ್ಸಕ್ಕ ಬೀಗ ತೆಗೆದು ಒಳಗೆ ಹೋದರು. ಹಲ್ಲಣ್ಣ ಚಪ್ಪಲಿ ಬಿಡುವ ನೆಪದಲ್ಲಿ ಹೊಸ್ತಿಲ ಹೊರಗೇ ಸ್ವಲ್ಪ ಹೊತ್ತು ನಿಂತರು.