ಔಡಲೆಣ್ಣೆ ಕುಡಿದ ಬ್ರೇಕು

ಡ್ರೈವರ್ ಮೌಲಾಹುಸೇನನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಯಲಬುರ್ಗಾದಲ್ಲಿ ಎಲ್ಲರೂ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಸಿಟ್ಟು ಯಾಕೆ ಬರುತ್ತಿತ್ತು ಎಂದು ಯಾರಾದರೂ ಒಮ್ಮೆ ಕೇಳಿದ್ದರೆ ನನ್ನ ತಾಯಿಯ ಬಲಗೈ ನೆಟ್ಟಗೆ ಉಳಿಯುತ್ತಿತ್ತು.

ಅವನು ಅಳವಂಡಿಯವನು. ಎರಡನೇ ಮಹಾಯುದ್ಧದ ಲಡಾಯಿ ನಡೆಯುತ್ತಿದ್ದ ವರ್ಷಗಳಲ್ಲಿ ಯಲಬುರ್ಗಾದಿಂದ ಕೊಪ್ಪಳಕ್ಕೆ ಮೋಟಾರು ನಡೆಸುತ್ತಿದ್ದ. ಜಾಸ್ತಿ ಮಂದಿ ಹತ್ತಿದರೆ ಬೈಯುತ್ತಿದ್ದ, ಮೇಲೆ ಜೋಳದ ಚೀಲ ಹೇರಿದರೆ ಬೈಯುತ್ತಿದ್ದ, ಓಡುವ ಗಾಡಿಯಿಂದ ಇಳಿಯಲು ಹೋದವನನ್ನಂತೂ ಅವರಪ್ಪನ ಹೆಸರು ಹಿಡಿದು ಬೈಯುತ್ತಿದ್ದ. ಆದರೆ ಬಾಣಂತಿ ಕೂಸಿನೊಂದಿಗೆ ಹತ್ತಿದರೆ ದಾರಿಯ ಒಂದೊಂದು ತಗ್ಗನ್ನೂ ತಪ್ಪಿಸಿ ನಡೆಸುತ್ತಿದ್ದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೋಟಾರು ಹಂಪಣ್ಣನದು. ಅವನ ಅಪ್ಪ, ಅಜ್ಜ ಬಂಡಿಗಳನ್ನು ಬಾಡಿಗೆಗೆ ಬಿಟ್ಟು ಬದುಕಿದವರು. ಆ ವರ್ಷ ದಸರೆಗೆ ಮುಂಚೆ, ಮೋಟಾರು ನಿಲ್ಲಿಸುವಾಗಲೆಲ್ಲ ಗಾಲಿಯೊಳಗಿಂದ ಕಬ್ಬಿಣಕ್ಕೆ ಕಬ್ಬಿಣ ಕೆರೆಯುವ ಸದ್ದು ಬರತೊಡಗಿತು. ಮೌಲಾಹುಸೇನ ದಿನಾ ಹಂಪಣ್ಣನ ಅಂಗಡಿಯ ಮುಂದೆ ನಿಂತು ಕೂಗಾಡುತ್ತಿದ್ದ.

“ಸಾವ್ಕಾರ್ರ, ಬ್ರೇಕಿನ ಪಟ್ಟಿ ಸವದು ಹೋಗ್ಯಾವ್ರಿ. ಕಾಲು ತಳಮಟ ಒತ್ತಬೇಕಾಗೈತಿ. ನಿಲ್ಲಸೂ ಮುಂದ ಗಾಡಿ ಎಡಕ್ಕ ಎಳೀತೈತಿ. ಹೊಸಾ ಪಟ್ಟಿ ತರಸ್ರಿ.”

“ಲಡಾಯಿ ಕಾಲದಾಗ ಪಟ್ಟಿ ಎಲ್ಲಿ ಸಿಗ್ತಾವಲೇ? ಹುಬ್ಬಳ್ಳಿಂದ ತರಸಿದ್ರ ಗಡಿ ನಾಕಾದಾಗ ಸುಂಕ ಕೇಳ್ತಾರ. ಗಾಲಿ ಕಿರಗುಟ್ಟಿದ್ರ ಏನ್ ಮಾಡಬೇಕಂತ ನನಗ ಗೊತ್ತೈತಿ, ನೀ ಸುಮ್ನಿರು.”

ಅವನಿಗೆ ಗೊತ್ತಿದ್ದದ್ದು ಬಂಡಿ. ಮಹಾನವಮಿಗೆ ಬಂಡಿ ತೊಳೆದು, ಅಚ್ಚಿಗೆ ಔಡಲೆಣ್ಣೆ ಹಾಕಿ ಪೂಜೆ ಮಾಡುವುದು ಅವರ ಮನೆಯ ಪದ್ಧತಿ. ಮೌಲಾಹುಸೇನ ರಜೆಯೆಂದು ಅಳವಂಡಿಗೆ ಹೋದಾಗ ಹಂಪಣ್ಣ ಮೋಟಾರನ್ನೂ ತೊಳೆಸಿದ. ಗಾಲಿ ಬಿಚ್ಚಿಸಿ, ಕಿರಗುಟ್ಟುವ ಜಾಗದ ಸಂದಿಗೆಲ್ಲ ಕೈಯಾರೆ ಔಡಲೆಣ್ಣೆ ಬಿಟ್ಟ. ಕುಂಕುಮ ಹಚ್ಚಿ ಕಾಯಿ ಒಡೆದ. ಸದ್ದು ನಿಂತಿತು. ನಿಲ್ಲದೆ ಏನು ಮಾಡೀತು!

ಮರುದಿನ ವಿಜಯದಶಮಿ. ಹೊಸದಾಗಿ ಮದುವೆಯಾಗಿ ತವರಿಗೆ ಬಂದಿದ್ದ ನಾನೂ ನನ್ನ ತಾಯಿ ಪಾರ್ವತೆಮ್ಮನೂ ಸೋದರಮಾವನಿಗೆ ಹಬ್ಬದ ಬನ್ನಿ ಎಲೆ ಕೊಡಲು ಕೊಪ್ಪಳಕ್ಕೆ ಹೊರಟಿದ್ದೆವು. ಮೌಲಾಹುಸೇನ ಮೋಟಾರನ್ನು ಮೆಲ್ಲಗೆ ತಂದು ಅಂಗಡಿಯ ಮುಂದೆ ನಿಲ್ಲಿಸಿ ಕಿವಿಗೊಟ್ಟು ಕೇಳಿದ. ಸದ್ದಿಲ್ಲ. ಅವನ ಮುಖ ಅರಳಿದ್ದನ್ನು ನಾನೇ ನೋಡಿದೆ.

“ಪಟ್ಟಿ ಹಾಕ್ಸಿದ್ರೇನ್ರಿ, ಸಾವ್ಕಾರ್ರ?”

“ಎಲ್ಲಾ ಮಾಡ್ಸೇನಿ. ನಡಿ, ಮಂದಿ ಕಾಯಾಕತ್ತೈತಿ,” ಎಂದ ಹಂಪಣ್ಣ. ನಾಲಿಗೆ ತಡವರಿಸಲೂ ಇಲ್ಲ.

ಊರು ದಾಟಿ ಹಳ್ಳದ ಇಳಿಜಾರು ಬರುವಷ್ಟರಲ್ಲಿ ಎಣ್ಣೆ ಕಾದು ಪಟ್ಟಿಗೆಲ್ಲ ಹರಡಿತ್ತು. ಮೌಲಾಹುಸೇನ ಬ್ರೇಕು ಒತ್ತಿದ, ಮೋಟಾರು ನಿಲ್ಲಲಿಲ್ಲ. ಕೈಬ್ರೇಕು ಜಗ್ಗಿದ, ಅದೂ ಹಿಡಿಯಲಿಲ್ಲ. ಕೆಳಗೆ ಹಳ್ಳದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. “ಗಟ್ಟಿ ಹಿಡ್ಕೋರಿ!” ಎಂದು ಚೀರಿ, ಪಕ್ಕದಲ್ಲಿ ಹಿಂಗಾರಿಗೆ ಹಸನು ಮಾಡಿದ್ದ ಎರೆಹೊಲಕ್ಕೆ ತಿರುಗಿಸಿಬಿಟ್ಟ. ಮೆತ್ತಗಿನ ಮಣ್ಣಿನಲ್ಲಿ ಗಾಲಿ ಹೂತು, ಮೋಟಾರು ವಾಲಿ ನಿಂತಿತು. ಯಾರ ಜೀವವೂ ಹೋಗಲಿಲ್ಲ. ನನ್ನ ತಾಯಿಯ ಬಲಗೈ ಮೊಣಕೈ ಬಳಿ ಮುರಿಯಿತು.

ಅವನು ಇಳಿದು ಗಾಲಿಯ ಸಂದಿಯಲ್ಲಿ ಬೆರಳಾಡಿಸಿ ಮೂಸಿ ನೋಡಿದ. ಔಡಲೆಣ್ಣೆ.

ಡ್ರೈವರ್ ಸಿಟ್ಟಿನಲ್ಲಿ ಗಾಡಿ ಜೋರಾಗಿ ಬಿಟ್ಟ ಎಂದು ಹಂಪಣ್ಣ ಸಂಜೆಯೊಳಗೆ ಊರಿಗೆಲ್ಲ ಹೇಳಿಯಾಗಿತ್ತು. ಊರು ನಂಬಿತು. ಸಿಟ್ಟಿನವನ ಮೇಲೆ ಏನು ಹೊರಿಸಿದರೂ ಜನ ನಂಬುತ್ತಾರೆ, ಥೂ! ಮರುದಿನ ಮೌಲಾಹುಸೇನ ಎಣ್ಣೆ ತೊಟ್ಟಿಕ್ಕುವ, ಸವೆದ ಪಟ್ಟಿಗಳನ್ನು ಬಿಚ್ಚಿ ತಂದು ಹಂಪಣ್ಣನ ಬಿಳಿ ಗಾದಿಯ ಮೇಲೆ ಎಸೆದ.

ಹಂಪಣ್ಣ ದನಿ ತಗ್ಗಿಸಿದ. “ಹೊಸಾ ಪಟ್ಟಿ ತರಸ್ತೀನಿ. ನಿನ್ನ ಕೆಲಸ ನಿನಗ ಐತಿ. ಮಂದಿ ಮುಂದ ಬಾಯಿ ಬಿಚ್ಚಬ್ಯಾಡ.”

“ಗಾಡಿ ಒದರಾಕತ್ತಿತ್ರಿ, ಅದರ ಬಾಯಿ ಮುಚ್ಚಿಸಿದ್ರಿ. ನಾ ಮುಚ್ಚಂಗಿಲ್ಲ.”

ಇಂಜಿನ್ ತಿರುವುವ ಹ್ಯಾಂಡಲನ್ನು ಅಲ್ಲೇ ಇಟ್ಟು ಹೊರಟುಹೋದ. ಹಂಪಣ್ಣ ಹಬ್ಬಿಸಿದ ಮಾತು ಅವನಿಗಿಂತ ಮುಂದೆ ಓಡಿತ್ತು; ಎಲ್ಲಿಯೂ ಅವನ ಕೈಗೆ ಯಾರೂ ಗಾಡಿ ಕೊಡಲಿಲ್ಲ. ಕೊನೆಗೆ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದ. ನಮ್ಮೆಲ್ಲರ ಜೀವ ಉಳಿಸಿದ ಕೈಗೆ ಚೀಲ ಹೊರುವ ಕೆಲಸ!

ಮರುವರ್ಷದ ವಿಜಯದಶಮಿಗೆ ಹಂಪಣ್ಣ ನಮ್ಮ ಮನೆಗೆ ಬಂದ. ಬನ್ನಿ ಕೊಡಲು ಬಂದವರನ್ನು, ಹಗೆಯವರಾದರೂ, ತಿರುಗಿ ಕಳಿಸುವಂತಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಪಾರ್ವತೆಕ್ಕ, ಬನ್ನಿ ತಗೋ. ಬಂಗಾರದಂಗ ಇರೋಣು.”

ನನ್ನ ತಾಯಿ ನೆಟ್ಟಗಾಗದ ಬಲಗೈಯನ್ನು ಸೆರಗಿನಿಂದ ಹೊರತೆಗೆದು ಅವನಿಗೆ ಕಾಣುವಂತೆ ಎದೆಗೆ ಹಿಡಿದುಕೊಂಡಳು.

“ಗಂಗಾವತಿಗೆ ಹೋಗು. ಮೊದಲ ಮೌಲಾಹುಸೇನನ ಕೈಯಾಗ ಬನ್ನಿ ಕೊಟ್ಟು, ತಪ್ಪು ನಂದು ಅನ್ನು. ಆಮ್ಯಾಲ ಬಾ, ಈ ಕೈ ಚಾಚ್ತೀನಿ.”

ಹಂಪಣ್ಣ ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕಟ್ಟೆ ಇಳಿದ. ನನ್ನ ತಾಯಿ ಆಮೇಲೆ ಬಹಳ ವರ್ಷ ಬದುಕಿದಳು. ಅವನ ಮುಂದೆ ಆ ಕೈ ಚಾಚುವ ದಿನ ಬರಲೇ ಇಲ್ಲ.